ಉಸಿರಾಡುವ ಹುಲ್ಲು

ದೋಹಾದ ಅಲ್ ಹಿಲಾಲ್‌ನ ಆ ಮೂರನೇ ಮಹಡಿಯ ಮನೆಗೆ ನೀವು ಯಾವಾಗಲೇ ಹೋಗಿ, ಗಗನಾ ಬಾಗಿಲು ತೆಗೆದು, ಬನ್ನಿ ಕೂತ್ಕೊಳ್ಳಿ ಅಂದು, ಒಳಗೆ ಹೋಗುವ ದಾರಿಯಲ್ಲಿ ಗೋಡೆಯ ಮೇಲಿನ ಫೋಟೋವನ್ನು ಒಂದು ಕೂದಲೆಳೆಯಷ್ಟು ಸರಿಮಾಡಿಯೇ ಅಡುಗೆಮನೆಗೆ ಹೋಗುತ್ತಾಳೆ. ಅದು ಸೊಟ್ಟಗಿತ್ತು ಎಂದು ನಮಗೆ ನಿಮಗೆ ಕಾಣುವುದೇ ಇಲ್ಲ. ಅವಳಿಗೆ ಕಾಣುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಮೈಸೂರಿನ ಸರಸ್ವತಿಪುರಂನಲ್ಲಿ ಅವಳಮ್ಮ ಕಾಂತಾಮಣಿ ರಂಗೋಲಿ ಹಾಕಿ ಎದ್ದ ಮೇಲೆ ಈ ಹುಡುಗಿ ಹೋಗಿ ಯಾವುದೋ ಒಂದು ಚುಕ್ಕಿಯನ್ನು ಅಳಿಸಿ ಪಕ್ಕಕ್ಕೆ ಇಡುತ್ತಿದ್ದಳಂತೆ. ಅಮ್ಮ ಬೈಯುತ್ತಿದ್ದರಂತೆ, ಆಮೇಲೆ ನೋಡಿ ಸುಮ್ಮನಾಗುತ್ತಿದ್ದರಂತೆ.

ಇಂಥ ಕಣ್ಣಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ದೋಹಾದ ಒಂದು ಕನ್ಸಲ್ಟೆನ್ಸಿಯಲ್ಲಿ, ಇನ್ನೂ ಪಾಯ ತೋಡದ ಕಟ್ಟಡದೊಳಗೆ ನಾವೇ ನಡೆದುಹೋದಂತೆ ತೋರಿಸುವ ವಿಡಿಯೋಗಳನ್ನು ಮಾಡುವುದು. ಫುಟ್‌ಬಾಲ್ ವಿಶ್ವಕಪ್ಪು ಬರುತ್ತದೆ ಎಂದು ಊರನ್ನೆಲ್ಲ ಅಗೆದುಹಾಕಿದ್ದ ವರ್ಷಗಳು ಅವು. ರಸ್ತೆ ನಿನ್ನೆ ಇದ್ದ ಕಡೆ ಇವತ್ತು ಇರುತ್ತಿರಲಿಲ್ಲ, ಅವಳ ಕೆಲಸಕ್ಕಂತೂ ಬರವೇ ಇರಲಿಲ್ಲ. ಆಫೀಸಿನಲ್ಲಿ ಹೊರಗಿನಿಂದ ಯಾವ ವಿಡಿಯೋ ಬಂದರೂ ಅವಳು ಮೊದಲು ಮಾಡುತ್ತಿದ್ದದ್ದು ಒಂದೇ, ಮೂಲವನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡುವುದು. ಕಳಿಸಿದವನು ಎಷ್ಟೇ ದೊಡ್ಡವನಾಗಿರಲಿ, ನೋಡದೆ ಮುಟ್ಟುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮನೆಯಲ್ಲಿ ಅವಳು ಈ ಒಂದು ಕೆಲಸ ಮಾಡಲಿಲ್ಲ. ಗಂಡ ಕೊಟ್ಟದ್ದನ್ನು ಯಾವ ಹೆಂಡತಿ ಪರೀಕ್ಷೆ ಮಾಡಿ ನೋಡುತ್ತಾಳೆ ಹೇಳಿ.

ಗಂಡ ಚಿರಾಗ್. ಅವನೂ ಮೈಸೂರಿನವನೇ. ಸರ್ಕಾರದ ಕಡೆಯ ಒಂದು ಆಫೀಸಿನಲ್ಲಿ ಖರೀದಿ ವಿಭಾಗ. ನಸುಕಿಗೇ ಹೊರಟು ಮಧ್ಯಾಹ್ನ ಎರಡಕ್ಕೆ ಖಲಾಸ್. ಅವಳದು ಖಾಸಗಿ ಕಂಪನಿ, ಮನೆ ಸೇರುವಾಗ ಸಂಜೆ ಆರು ದಾಟುತ್ತಿತ್ತು. ಮಾತಿನಲ್ಲಿ ಅವನನ್ನು ಮೀರಿಸುವವರು ನಮ್ಮ ಗುಂಪಿನಲ್ಲಿ ಯಾರೂ ಇರಲಿಲ್ಲ. ಇಲ್ಲಿನ ಕನ್ನಡ ಬಳಗದ ಯಾವ ಕಾರ್ಯಕ್ರಮವಾದರೂ ಮೈಕು ಸುತ್ತಿಬಳಸಿ ಅವನ ಕೈಗೇ ಬರುತ್ತಿತ್ತು. ಆದರೆ ಕೊರೊನಾ ವರ್ಷ ಅವನ ತಂದೆ ಊರಲ್ಲಿ ತೀರಿಕೊಂಡರು, ವಿಮಾನವಿಲ್ಲದೆ ಇವನು ಹೋಗಲಾಗಲಿಲ್ಲ. ಆಮೇಲೆ ಅವನ ಬಾಯಿಗೆ ಬೀಗ ಬಿದ್ದಂತಾಯಿತು. ತಟ್ಟೆಯ ಮುಂದೆ ಕೂತರೂ ಫೋನು ನೋಡುತ್ತಿದ್ದ, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದ, ಅಷ್ಟೇ. ಅಷ್ಟು ಮಾತಾಡುವ ಗಂಡಸು ಸುಮ್ಮನಾದರೆ ಮನೆಯಲ್ಲಿ ಇರುವವರಿಗೆ ಎಷ್ಟು ಭಯವಾಗುತ್ತದೆ ಎಂಬುದು ಅವಳಿಗೇ ಗೊತ್ತು.

ಹೀಗಿರುವಾಗ ಒಂದು ಸಂಜೆ ಅವಳು ಬೀಗ ತೆಗೆದು ಒಳಗೆ ಬಂದರೆ ಒಳಗಿನಿಂದ ಅವನ ದನಿ. ಟಿವಿಯಲ್ಲಿ ಫುಟ್‌ಬಾಲ್ ವಿಡಿಯೋ ಗೇಮಿನ ಪಂದ್ಯ ಓಡುತ್ತಿದೆ, ಇವನು ಅದಕ್ಕೆ ಕನ್ನಡದಲ್ಲಿ ಕಾಮೆಂಟರಿ ಹೇಳುತ್ತಿದ್ದಾನೆ. "ಗೋಲ್‌ಕೀಪರ್ ನಿಂತಿದ್ದಾರೆ ನೋಡಿ ಸ್ವಾಮಿ, ಬೀಗರ ಮನೇಲಿ ಎರಡನೇ ಸಲ ಅನ್ನ ಕೇಳೋಕೆ ನಾಚ್ಕೊಂಡು ಕೂತಿರೋ ಅಳಿಯನ ಥರ." ಗಗನಾ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತು ನಕ್ಕಳು. ನಗುತ್ತಾ ಕಣ್ಣಲ್ಲಿ ನೀರು ಬಂತು. ಹೋದವನು ವಾಪಸ್ಸು ಬಂದ ಹಾಗಾಗಿತ್ತು ಅವಳಿಗೆ.

ಅಲ್ಲಿಂದ ಶುರುವಾದದ್ದು 'ದೋಹಾ ಡ್ರಿಬಲ್' ಎಂಬ ಚಾನೆಲು. ಪಂದ್ಯ ಅವನು ಆಡುವುದು, ಆಡಿದ್ದು ಹಾಗೇ ರೆಕಾರ್ಡಾಗುವುದು, ಅದರ ಮೇಲೆ ಅವನ ಮಾತು. ವಾರಕ್ಕೊಂದು ಕಂತು. ದೂರದೇಶದ ಗಟ್ಟಿ ಆಟಗಾರರನ್ನೆಲ್ಲ ಆನ್‌ಲೈನಿನಲ್ಲಿ ನಮ್ಮ ಮೈಸೂರಿನ ಹುಡುಗ ಸೋಲಿಸುತ್ತಿದ್ದಾನೆ ಎಂದು ಕತಾರಿನ ಕನ್ನಡಿಗರು ಕುಣಿದಾಡಿದರು. ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪುಗಳಲ್ಲಿ ಗದಗ, ಬಾಗಲಕೋಟೆಯ ಕಡೆಯವರು ಒಂದು ಫೋನಿನ ಸುತ್ತ ನಾಲ್ಕು ಜನ ಕೂತು ನೋಡುತ್ತಿದ್ದರು. ಒಂದು ವಿಷಯ ಮಾತ್ರ, ಆಡುವಾಗ ಯಾರೂ ಇರಬಾರದು. "ಯಾರಾದ್ರೂ ನೋಡ್ತಿದ್ರೆ ನಂಗೆ ಕೈಯೇ ಓಡಲ್ಲ ಕಣೇ" ಎಂದಿದ್ದ. ಅವಳು ಒಪ್ಪಿಕೊಂಡಳು. ಅವನಿಗೆ ಮಧ್ಯಾಹ್ನ ಮನೆ ಖಾಲಿ ಇರುತ್ತಿತ್ತು, ಆಗ ಆಡುತ್ತಿದ್ದ. ಗುರುವಾರ ಒಂದು ಹಾರ್ಡ್ ಡಿಸ್ಕ್ ತಂದು ಅವಳ ಮುಂದೆ ಇಟ್ಟು, "ರಾ ಫುಟೇಜು, ಇನ್ನು ನಿನ್ನ ಪಾಡು" ಅನ್ನುತ್ತಿದ್ದ. ರಾ ಎಂದರೆ ಇನ್ನೂ ಯಾರೂ ಮುಟ್ಟದ ಮೂಲ. ಶುಕ್ರವಾರ, ಶನಿವಾರದ ರಜೆ ಅವಳಿಗೆ ಅದರಲ್ಲೇ ಕಳೆಯುತ್ತಿತ್ತು.

ಅವಳ ಕೆಲಸ ಏನೆಂದು ಹೇಳಬೇಕು. ವಿಡಿಯೋ ಎಂದರೆ ಸೆಕೆಂಡಿಗೆ ಅರವತ್ತು ಚಿತ್ರ. ಎಲ್ಲವನ್ನೂ ಇದ್ದ ಹಾಗೇ ಕಳಿಸುತ್ತೇನೆಂದರೆ ಯಾವ ಫೋನಿಗೂ ಜೀರ್ಣವಾಗುವುದಿಲ್ಲ. ಅದನ್ನು ಮಡಚಿ ಸಣ್ಣದು ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಊರಿಗೆ ಹೊರಟಾಗ ಮೂವತ್ತು ಕಿಲೋದ ಸೂಟ್‌ಕೇಸಿನಲ್ಲಿ ನಾವು ಮಾಡುವ ಕಸರತ್ತೇ ಅದು, ಏನು ಇಡಬೇಕು, ಏನು ಬಿಡಬೇಕು, ಯಾವುದನ್ನು ಹೇಗೆ ಸುರುಳಿ ಸುತ್ತಬೇಕು ಎಂಬುದು. ಮದುವೆ ವಿಡಿಯೋ ಆದರೆ ಸುಲಭ. ಹಿಂದಿನ ಗೋಡೆ ಅಲ್ಲಾಡುವುದಿಲ್ಲ, ಹಿಂದಿನ ಚಿತ್ರದಲ್ಲಿದ್ದ ಗೋಡೆಯೇ ಇದು ಎಂದು ಒಂದು ಮಾತು ಹೇಳಿದರೆ ಸಾಕು. ಆಟದ ವಿಡಿಯೋದಲ್ಲಿ ಕ್ಯಾಮೆರಾ ಓಡುತ್ತದೆ, ಅದರೊಡನೆ ಮೈದಾನದ ಹುಲ್ಲಿನ ಒಂದೊಂದು ಎಸಳೂ ಓಡುತ್ತದೆ, ಮೇಲೆ ಸ್ಕೋರಿನ ಸಣ್ಣ ಅಕ್ಷರ ಮಾತ್ರ ಅಲ್ಲಾಡದೆ ಚೂಪಾಗಿ ನಿಲ್ಲಬೇಕು. ಹುಲ್ಲು ಉಳಿಸಿದರೆ ಫೈಲು ಉಬ್ಬುತ್ತದೆ, ಫೈಲು ಇಳಿಸಿದರೆ ಹುಲ್ಲು ಪಾಲಕ್ ಸೊಪ್ಪಿನ ಪಲ್ಯವಾಗುತ್ತದೆ.

ಮೊದಲು ಹೊಸ ಕೋಡೆಕ್ಕೇ ಇರಲಿ ಎಂದು ಎವಿ1 ಹಿಡಿದಳು. ಲ್ಯಾಪ್‌ಟಾಪು ದಿನವಿಡೀ ಒರಲಿತು, ಆದರೆ ಫೈಲು ಅರ್ಧಕ್ಕಿಂತ ಸಣ್ಣದಾಗಿ ಬಂತು. ಹಿಗ್ಗಿಹೋದಳು. ಆಫೀಸಿನ ಡ್ರೈವರ್ ಮೊಯ್ದಿನ್, ಉಪ್ಪಿನಂಗಡಿ ಕಡೆಯವರು, ಅವರ ಹಳೆಯ ಫೋನಿನಲ್ಲಿ ಹಾಕಿ ನೋಡಿ ಅಂದಳು. ಮಾರನೇ ದಿನ ಕಾರಿನಲ್ಲಿ ಅವರು ಸಂಕೋಚದಿಂದಲೇ ಹೇಳಿದರು. "ಮೇಡಂ, ಚಿತ್ರ ಚಂದ ಉಂಟು. ಆದ್ರೆ ನಿಂತು ನಿಂತು ಹೋಗ್ತದೆ. ಫೋನು ಬಿಸಿ ಆಗಿ ಕಿಸೆಯಲ್ಲಿ ಇಡ್ಲಿಕ್ಕೆ ಆಗುದಿಲ್ಲ." ನೋಡುವವರ ಕೈಯಲ್ಲಿರುವುದೆಲ್ಲ ಇಂಥ ಫೋನುಗಳೇ ಎಂದು ಅವಳಿಗೆ ಹೊಳೆಯಿತು. ಹೊಸ ಕೋಡೆಕ್ಕಿಗೆ ಮಾಫಿ ಹೇಳಿ ಹಳೆಯ ಎಚ್.264ಕ್ಕೇ ಬಂದಳು. ಅದು ಎಂಥ ಫೋನಿನಲ್ಲೂ ಓಡುತ್ತದೆ. ಟೆಲಿಗ್ರಾಂ ಗುಂಪಿಗೆ ಫೈಲು ಕಳಿಸಿದರೆ ಕ್ಯಾಂಪಿನ ಬಡಕಲು ವೈಫೈಯಲ್ಲೂ ಇಳಿಯಬೇಕು, ಇಳಿದ ಮೇಲೆ ನಿಲ್ಲದೆ ಓಡಬೇಕು, ಚೆಂಡು ಕಾಣಬೇಕು. ಅಷ್ಟನ್ನು ಗುರಿ ಇಟ್ಟುಕೊಂಡು ಕೂತಳು.

ಮೊದಲ ಕೆಲವು ಕಂತು ಚೆನ್ನಾಗಿಯೇ ಬಂದವು. ಆಮೇಲೆ ಶುರುವಾಯಿತು ಕಾಟ. ಹುಲ್ಲು ಉಸಿರಾಡತೊಡಗಿತು. ಹೌದು, ಅವಳು ಹಾಗೇ ಅನ್ನುತ್ತಿದ್ದಳು. ಮೈದಾನ ಮೆಲ್ಲಗೆ ಮಸುಕಾಗುತ್ತಾ ಹೋಗಿ, ಫಕ್ಕನೆ ಚೂಪಾಗಿ, ಮತ್ತೆ ಮಸುಕಾಗುವುದು, ಗಡಿಯಾರ ಇಟ್ಟ ಹಾಗೆ ಒಂದೇ ತಾಳದಲ್ಲಿ. ಕೋಡೆಕ್ ಆಗಾಗ ಒಂದು ಚಿತ್ರವನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ, ಅಲ್ಲೇ ಈ ಜಿಗಿತ ಬರುವುದು. ಅವಳು ಕೀಫ್ರೇಮುಗಳನ್ನು ದೂರ ದೂರ ಇಟ್ಟಳು. ತಾಳ ಬದಲಾಗಲಿಲ್ಲ. ಹತ್ತಿರ ತಂದಳು. ಬದಲಾಗಲಿಲ್ಲ. ಗುಣಮಟ್ಟ ಏರಿಸಿದಳು, ಫೈಲು ದಪ್ಪಗಾಯಿತೇ ಹೊರತು ಮಸುಕು ಹಾಗೇ ಇತ್ತು. ಕಾಮೆಂಟುಗಳಲ್ಲಿ ಜನ ಬರೆದರು: ಆಟ ಸೂಪರ್ ಗುರುವೇ, ಎಡಿಟಿಂಗ್ ಮಾಡೋರ್ನ ಮೊದಲು ಚೇಂಜ್ ಮಾಡಿ.

ಚಿರಾಗ್ ಅದನ್ನು ಊಟದ ಹೊತ್ತಿಗೆ ಓದಿ ಹೇಳುತ್ತಿದ್ದ. ಬೈಯುತ್ತಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ಇವಳೂ ತಿರುಗಿ ಬೈಯುತ್ತಿದ್ದಳು. ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡು, ನಿನ್ ಕೈಲಾದಷ್ಟು ಮಾಡ್ತಿದ್ದೀಯ" ಅನ್ನುತ್ತಿದ್ದ. ಆ ಕೈಲಾದಷ್ಟು ಎಂಬ ಮಾತು ಅವಳಿಗೆ ನಾಟುತ್ತಿತ್ತು. ಎಲ್ಲಿ ತಪ್ಪುತ್ತಿದ್ದೇನೆ ಎಂದು ಅವಳೂ ಅವನ ಮುಂದೆ ಪಾಠ ಹೇಳಿದ ಹಾಗೆ ಹೇಳುತ್ತಿದ್ದಳು: ರಾ ಫೈಲು ಯಾಕೆ ಅಷ್ಟು ದಪ್ಪ ಇರುತ್ತದೆ, ಒಮ್ಮೆ ಮಡಚಿದ್ದನ್ನು ಮತ್ತೆ ಮಡಚಿದರೆ ಏನೇನು ಹಾಳಾಗುತ್ತದೆ, ಎಲ್ಲ. ಅವನು ತಲೆದೂಗುತ್ತಾ ಮೊಸರನ್ನ ಕಲಸಿಕೊಳ್ಳುತ್ತಿದ್ದ.

ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಅವಳ ಶುಕ್ರವಾರಗಳು ಹೋದವು, ಕಡಲ ದಂಡೆಯ ಕೋರ್ನಿಷ್‌ನ ನಡಿಗೆ ಹೋಯಿತು, ಅಮ್ಮನ ವಿಡಿಯೋ ಕಾಲು ಎರಡು ನಿಮಿಷಕ್ಕಿಳಿಯಿತು. ಅದೂ ಹೋಗಲಿ ಅನ್ನಬಹುದು. ಹೋಗಬಾರದಿದ್ದದ್ದು ಹೋಯಿತು, ಅವಳ ಕೈಯ ಮೇಲೆ ಅವಳಿಗಿದ್ದ ನಂಬಿಕೆ. ಆಫೀಸಿನ ಮುಖ್ಯಸ್ಥರು ಆನ್ಸೆಲ್ಮ್, ಮಂಗಳೂರಿನವರು, ಅವಳನ್ನು ಕರೆದು ಅನಿಮೇಷನ್ ತಂಡ ಪೂರ್ತಿ ನೀವೇ ನೋಡಿಕೊಳ್ಳಿ ಎಂದರು. ಸ್ಟೇಡಿಯಂ ಸುತ್ತಲಿನ ಒಂದು ದೊಡ್ಡ ಬಡಾವಣೆಯ ಕೆಲಸ ಬಂದಿತ್ತು. ಇಂಥ ಕೆಲಸಕ್ಕಾಗಿ ಅವಳು ಆರು ವರ್ಷ ಕಾದಿದ್ದಳು. ಆದರೂ ಬೇಡ ಅಂದಳು.

"ಯಾಕೆ ಗಗನಾ? ನಿಮಗೆ ಅಲ್ಲದೆ ಮತ್ತೆ ಯಾರಿಗೆ ಕೊಡುದು?" ಎಂದರು ಅವರು.

"ನಂಗೆ ಅಷ್ಟು ಬರಲ್ಲ ಸರ್. ಒಂದು ಹುಲ್ಲು ಹಾಸನ್ನ ನೆಟ್ಟಗೆ ತೋರಿಸೋಕೆ ಆಗ್ತಿಲ್ಲ ನನ್ನ ಕೈಲಿ."

ಅವರಿಗೆ ಅದು ಅರ್ಥವಾಗಲಿಲ್ಲ. ಹಿಂದಿನ ವರ್ಷ ಸೇರಿದ್ದ ಧನಂಜಯ ಎಂಬವನಿಗೆ ಆ ಕೆಲಸ ಹೋಯಿತು. ಬೇಡ ಅಂದ ದಿನವೇ ಮನೆಗೆ ಬಂದು ಚಿರಾಗ್‌ಗೆ ಹೇಳಿದ್ದಳು. ಅವನು ಒಂದು ಕ್ಷಣ ಅವಳ ಮುಖ ನೋಡಿ, "ಒಳ್ಳೇದೇ ಆಯ್ತು, ತಲೆನೋವು" ಎಂದು ಟಿವಿ ಹಾಕಿದ.

ವಿಶ್ವಕಪ್ ಶುರುವಾಗುವ ಹಿಂದಿನ ಶುಕ್ರವಾರ ಕನ್ನಡ ಬಳಗದ ರಾಜ್ಯೋತ್ಸವ. ಅಧ್ಯಕ್ಷರು ದೊರೆಸ್ವಾಮಿ, ಮಂಡ್ಯದವರು, ಅವರಿಗೆ ಒಂದು ಯೋಚನೆ ಬಂತು. ಊರಲ್ಲೆಲ್ಲ ಫುಟ್‌ಬಾಲು, ನಮ್ಮಲ್ಲೂ ಇರಲಿ. ಚಿರಾಗ್‌ನ ಅತ್ಯುತ್ತಮ ಗೋಲುಗಳನ್ನು ವೇದಿಕೆಯ ದೊಡ್ಡ ಪರದೆಯ ಮೇಲೆ ಹಾಕುವುದು, ಅವನು ಅಲ್ಲೇ ನಿಂತು ಕಾಮೆಂಟರಿ ಹೇಳುವುದು. ಚಿರಾಗ್ ಹೂಂ ಅಂದುಬಿಟ್ಟ. ಅಂಗೈಯಗಲದ ಫೋನಿನಲ್ಲೇ ಅಷ್ಟು ಕಾಣುವ ಮಸುಕು ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಹೇಗೆ ಕಂಡೀತು. ಅವನ ಮರ್ಯಾದೆ ನನ್ನ ಕೈಯಲ್ಲಿದೆ ಎಂದು ಗಗನಾಳಿಗೆ ದಿಗಿಲಾಯಿತು.

ಅದಕ್ಕೇ ಒಂದು ಶನಿವಾರ ಮಧ್ಯಾಹ್ನ, ಅವನು ಕ್ಷೌರಕ್ಕೆ ಹೋಗಿದ್ದಾಗ, ತಾನೇ ಗೇಮು ಹಾಕಿ ಎರಡು ನಿಮಿಷ ಖಾಲಿ ಮೈದಾನವನ್ನು ರೆಕಾರ್ಡು ಮಾಡಿ, ಅದರ ಮೇಲೆ ಸೆಟ್ಟಿಂಗು ಪರೀಕ್ಷಿಸೋಣವೆಂದು ಕೂತಳು. ಅವನ ಗೇಮ್ ಪೆಟ್ಟಿಗೆಯನ್ನು ಅವಳು ಒಬ್ಬಳೇ ಮುಟ್ಟಿದ್ದು ಅದೇ ಮೊದಲು. ಗೇಮು ತೆರೆಯಲಿಲ್ಲ. ಬಹಳ ದಿನದಿಂದ ಅಪ್‌ಡೇಟು ಬಾಕಿ ಇದೆ, ಇಷ್ಟು ದೊಡ್ಡ ಫೈಲು ಇಳಿಸಬೇಕು ಎಂದಿತು. ಪ್ರತಿ ಮಧ್ಯಾಹ್ನ ಆಡುವ ಗೇಮಿಗೆ ಅಪ್‌ಡೇಟು ಬಾಕಿ ಯಾಕಿರಬೇಕು ಎಂದುಕೊಂಡು ಆಡಿದ ಪಂದ್ಯಗಳ ಪಟ್ಟಿ ತೆಗೆದಳು. ಕೊನೆಯ ಪಂದ್ಯ ಹಿಂದಿನ ವರ್ಷದ ರಂಜಾನ್ ತಿಂಗಳಿನದು. ಅದರಲ್ಲಿ ಅವನು ಸೋತಿದ್ದ. ಅದಕ್ಕೂ ಹಿಂದಿನದರಲ್ಲೂ ಸೋತಿದ್ದ.

ಆಗ ಅವಳು ಹಾರ್ಡ್ ಡಿಸ್ಕ್ ತೆಗೆದು, ಆಫೀಸಿನಲ್ಲಿ ಮೊದಲು ಮಾಡುವ ಕೆಲಸವನ್ನು ಮಾಡಿದಳು. ಒಂದೊಂದೇ ಚಿತ್ರವಾಗಿ ಸರಿಸಿದಳು. ಹುಲ್ಲು ಅಲ್ಲಿಯೇ ಉಸಿರಾಡುತ್ತಿತ್ತು. ಅವಳು ಮುಟ್ಟುವುದಕ್ಕೆ ಮೊದಲೇ, ಮೂಲದಲ್ಲೇ. ಬೇರೆ ಯಾರೋ ಮಡಚಿ ಅಂತರ್ಜಾಲಕ್ಕೆ ಹಾಕಿದ್ದ ವಿಡಿಯೋ ಅದು. ಮೇಲಿನ ಮೂಲೆಯನ್ನು ಕತ್ತರಿಸಿ, ಚಿತ್ರವನ್ನು ತುಸು ಹಿಗ್ಗಿಸಿ ಹೊಂದಿಸಲಾಗಿತ್ತು. ಕತ್ತರಿ ಒಂದು ಕಡೆ ಸರಿಯಾಗಿ ಬೀಳದೆ ಯಾರದೋ ಹೆಸರಿನ ಅರ್ಧ ಅಕ್ಷರ ಅಂಚಿನಲ್ಲಿ ಉಳಿದಿತ್ತು. ಎರಡೂ ತಂಡದ ಹೆಸರು, ಸ್ಕೋರು ಹಾಕಿ ಹುಡುಕಿದಳು. ಇಂಡೋನೇಷ್ಯಾದ ಯಾರೋ ಒಬ್ಬನ ಚಾನೆಲಿನಲ್ಲಿ ಅದೇ ಪಂದ್ಯ ಸಿಕ್ಕಿತು, ಅದೇ ಗೋಲು, ಅದೇ ಗೋಲ್‌ಕೀಪರ್ ಜಾರಿ ಬೀಳುವುದು. ಇನ್ನೊಂದು ಕಂತಿಗೆ ಇನ್ನೊಬ್ಬ.

ಕದ್ದದ್ದಕ್ಕೆ ಅವಳಿಗೆ ಅಷ್ಟು ಉರಿಯಲಿಲ್ಲ. ಉರಿದದ್ದು ಫೈಲಿನ ಗಾತ್ರ ನೋಡಿ. ಸಣ್ಣ ಫೈಲನ್ನು ಸುಮ್ಮನೆ ಉಬ್ಬಿಸಿ ದಪ್ಪಗೆ ಉಳಿಸಿಟ್ಟಿದ್ದ, ರಾ ಫುಟೇಜಿನ ಹಾಗೆ ಕಾಣಲಿ ಎಂದು. ಬೇರೆ ಯಾರೂ ಆ ಫೈಲನ್ನು ನೋಡುವವರಿರಲಿಲ್ಲ. ಆ ಶ್ರಮವೆಲ್ಲ ಇವಳೊಬ್ಬಳ ಕಣ್ಣಿಗೆ ಮಣ್ಣೆರಚಲಿಕ್ಕೆ. ಹಾಗೆ ಉಬ್ಬಿಸಬೇಕೆಂದು ಅವನಿಗೆ ಕಲಿಸಿದವಳೂ ಇವಳೇ, ಮೊಸರನ್ನದ ಮುಂದೆ.

ಚಿರಾಗ್ ಬಂದಾಗ ಪರದೆಯ ಮೇಲೆ ಎರಡೂ ವಿಡಿಯೋ ಪಕ್ಕಪಕ್ಕದಲ್ಲಿ ನಿಂತಿದ್ದವು. ಅವನು ನೋಡಿದ, ಕಾರಿನ ಕೀ ಮೇಜಿನ ಮೇಲಿಟ್ಟ, ಕೂತ.

"ಮಾತು ನಂದೇ ಅಲ್ವೇನೇ" ಅಂದ ಕೊನೆಗೆ. "ಜನ ನೋಡೋದು ನನ್ನ ಮಾತಿಗೆ. ನಾನು ಆಡಿ ಸೋತಿದ್ದನ್ನ ಹಾಕಿದ್ರೆ ಯಾರು ನೋಡೋರು? ಎರಡು ಸಲ ಬೇರೆಯವರದ್ದು ಹಾಕ್ದೆ, ಜನ ಖುಷಿಪಟ್ರು, ಆಮೇಲೆ ಬಿಡೋಕಾಗ್ಲಿಲ್ಲ."

"ಅದನ್ನ ನಾನು ಕೇಳ್ತಿಲ್ಲ" ಅಂದಳು ಗಗನಾ. "ನಾನು ವಾರ ವಾರ ಕೂತು ಸೆಟ್ಟಿಂಗ್ ಬದಲಾಯಿಸ್ತಿದ್ದೆ. ತಪ್ಪು ನನ್ನದಲ್ಲ ಅಂತ ನಿಂಗೆ ಗೊತ್ತಿತ್ತಾ?"

ಅವನು ಮೇಜಿನ ಮೇಲಿಟ್ಟ ಕೀಯನ್ನು ಮತ್ತೆ ಕೈಗೆ ತೆಗೆದುಕೊಂಡ.

"ಆನ್ಸೆಲ್ಮ್ ಸರ್‌ಗೆ ಬೇಡ ಅಂತ ಹೇಳಿ ಬಂದ ದಿನ ಗೊತ್ತಿತ್ತಾ?"

"ಹೇಳೋಣ ಅಂತಿದ್ದೆ" ಅಂದ. "ನೀನು ಅಷ್ಟೊಂದು ಹಚ್ಕೊಂಡುಬಿಟ್ಟಿದ್ದೆ."

ಇದಕ್ಕೇನು ಹೇಳುವುದು ನೀವೇ ಹೇಳಿ. ನನಗಾಗಿದ್ದರೆ ಆ ಹಾರ್ಡ್ ಡಿಸ್ಕು ಕಿಟಕಿಯಿಂದ ಆಚೆ ಹೋಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಆ ಕೊರೊನಾ ವರ್ಷದ ಮೌನದ ಹೆದರಿಕೆ ಅವಳಿಗೆ ಇನ್ನೂ ಇತ್ತು. ಇವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಮಾನ ಕಳೆದರೆ ಮತ್ತೆ ಆ ಮೌನಕ್ಕೇ ಹೋಗಿ ಬೀಳುತ್ತಾನೇನೋ ಎಂದು ಯೋಚಿಸಿದಳು. ಒಂದೇ ಒಂದು ಕೇಳಿಕೊಂಡಳು. ಆ ವಿಡಿಯೋ ಪರದೆಗೆ ಹೋಗಕೂಡದು. ಬೇಡ ಅಂತ ನೀನೇ ಹೇಳು. ಜ್ವರ ಅನ್ನು, ಗಂಟಲು ಕಟ್ಟಿದೆ ಅನ್ನು, ಏನಾದರೂ ಅನ್ನು. ನಿಜ ಏನೆಂಬುದು ನನ್ನ ಬಾಯಿಂದ ಬರುವುದಿಲ್ಲ. ಅವನು ಅವಳ ಎರಡೂ ಕೈ ಹಿಡಿದುಕೊಂಡು ಆಗಲಿ ಅಂದ.

ರಾಜ್ಯೋತ್ಸವದ ದಿನ, ಅಲ್ ಗರಾಫಾದ ಒಂದು ಶಾಲೆಯ ಸಭಾಂಗಣ. ಮಕ್ಕಳ ನೃತ್ಯವಾಯಿತು, ಕನ್ನಡ ತಡವರಿಸುವ ಮಕ್ಕಳಿಂದ ನಾಡಗೀತೆಯೂ ಆಯಿತು. ಗಗನಾ ಮೂರನೇ ಸಾಲಿನಲ್ಲಿದ್ದಳು. ಅವಳ ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಬಂದಿದ್ದ ಆನ್ಸೆಲ್ಮ್ ಕೂತಿದ್ದರು. ದೊರೆಸ್ವಾಮಿ ಚಿರಾಗ್‌ನನ್ನು ವೇದಿಕೆಗೆ ಕರೆದರು. ಅವನು ಮೈಕು ಹಿಡಿದ. ಕೆಳಗೆ ಇನ್ನೂರು ಮುಖ, ಎಲ್ಲವೂ ನಗಲು ತಯಾರಾಗಿ ಕೂತಿದ್ದವು. ಮೈಕು ಕೈಗೆ ಬಂದರೆ ಅವನು ಬೇರೆಯೇ ಮನುಷ್ಯ.

"ವಿಡಿಯೋ ಇತ್ತು ಸ್ವಾಮಿ, ಇಲ್ಲ ಅಂತಲ್ಲ" ಅಂದ. "ಆದ್ರೆ ನಮ್ಮನೆ ಟೆಕ್ನಿಕಲ್ ಡಿಪಾರ್ಟ್‌ಮೆಂಟು ಕೈ ಕೊಟ್ಟುಬಿಡ್ತು. ಸೆಟ್ಟಿಂಗ್ ಸರಿ ಮಾಡು, ಸೆಟ್ಟಿಂಗ್ ಸರಿ ಮಾಡು ಅಂತ ಒಂದೂವರೆ ವರ್ಷದಿಂದ ಕೇಳ್ಕೊಂಡೆ. ಹುಲ್ಲು ಮಾತ್ರ ಸರಿ ಬರ್ಲೇ ಇಲ್ಲ. ಜೋರು ಮಾಡೋ ಹಾಗೂ ಇಲ್ಲ, ರಾತ್ರಿ ಊಟ ಅಲ್ಲೇ ಆಗ್ಬೇಕಲ್ಲ."

ಸಭಾಂಗಣ ಗೊಳ್ಳೆಂದಿತು. ಪಕ್ಕದ ಹೆಂಗಸು ಗಗನಾಳ ತೊಡೆ ತಟ್ಟಿ ನಕ್ಕಳು. ಆನ್ಸೆಲ್ಮ್ ಕೂಡ ನಕ್ಕು, ಆಮೇಲೆ ಮೆಲ್ಲಗೆ ತಿರುಗಿ ಅವಳನ್ನು ನೋಡಿದರು. ಅಂದು ಬೇಡ ಅಂದದ್ದು ಯಾಕೆಂದು ಅವರಿಗೆ ಈಗ ತಿಳಿದ ಹಾಗಿತ್ತು. ಪಾಪ ಎನ್ನುವ ನೋಟ ಅದು. ದೊರೆಸ್ವಾಮಿ ಇನ್ನೊಂದು ಮೈಕಿನಲ್ಲಿ, "ಪರವಾಗಿಲ್ಲ ಕಣವ್ವ, ಮುಂದಿನ್ ವರ್ಷಕ್ಕೆ ಸರಿಯಾಗಿ ಕಲ್ತ್ಕೊಂಡು ಮಾಡಿವ್ರಂತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಜ್ವರ ಅನ್ನಬಹುದಿತ್ತು. ಗಂಟಲು ಅನ್ನಬಹುದಿತ್ತು. ಇಷ್ಟೆಲ್ಲ ನೆಪ ಕೈಗೆ ಕೊಟ್ಟು ಕಳಿಸಿದ್ದರೂ ಅವನು ಆರಿಸಿಕೊಂಡದ್ದು ಇದನ್ನು.

ಗಗನಾ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡಿದವಳಲ್ಲ, ಆದರೆ ದನಿ ನೆಟ್ಟಗಿತ್ತು.

"ಸೆಟ್ಟಿಂಗ್ ಸರಿಯಾಗೇ ಇತ್ತು ಸರ್. ಆಟ ಇವರದಲ್ಲ. ಬೇರೆಯವರ ವಿಡಿಯೋ ತಂದು ನಂಗೆ ಕೊಡ್ತಿದ್ರು. ಹುಲ್ಲು ಬರೋವಾಗ್ಲೇ ಹಾಳಾಗಿತ್ತು."

ನಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಲ್ಲುತ್ತಾ ಬಂತು. ವೇದಿಕೆಯ ಮೇಲೆ ಚಿರಾಗ್ ಮೈಕನ್ನು ಬಾಯಿಯ ಹತ್ತಿರವೇ ಹಿಡಿದು ನಿಂತಿದ್ದ. ಗಗನಾ ಅವನ ಕಡೆ ನೋಡಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಆನ್ಸೆಲ್ಮ್‌ರ ಕಡೆ ಬಗ್ಗಿದಳು.

"ಆ ಕೆಲಸ ನಂಗೆ ಬರ್ತಿತ್ತು ಸರ್" ಅಂದಳು.

ಇನ್ನೂರು ಜನರಿಗೆ ಕೇಳುವ ಹಾಗೆ ಹೇಳಿದಾಗ ನಡುಗದ ದನಿ, ಒಬ್ಬರಿಗೆ ಮಾತ್ರ ಕೇಳುವಂತೆ ಇಷ್ಟು ಹೇಳುವಾಗ ಒಡೆದುಹೋಯಿತು.